ಆ ಗುಂಡಿಗೆ ಬೇಲಿ ಹಾಕಿಸಿ: ಕಾಸರಗೋಡಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸಾದರ ನಮಸ್ಕಾರಗಳು.

ಕಲ್ಲು ತೆಗೆದು ಮುಗಿದ ಮೇಲೆ ಹಾಗೆಯೇ ಬಿಟ್ಟುಹೋದ ಕೆಂಪುಕಲ್ಲಿನ ಕೋರೆಗಳ ವಿಷಯದಲ್ಲಿ ತಮ್ಮ ಗಮನ ಸೆಳೆಯುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯ ಉತ್ತರ ಭಾಗದ ಒಂದು ಪದವಿನಲ್ಲಿ, ಎಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಅಂಥದೊಂದು ಗುಂಡಿಗೆ ಬಿದ್ದು 1998ರ ಜುಲೈ ತಿಂಗಳಲ್ಲಿ ನನ್ನ ಸಹಪಾಠಿಯೊಬ್ಬ ತೀರಿಕೊಂಡ. ಆಗ ನಾವು ಒಂಬತ್ತನೇ ತರಗತಿಯಲ್ಲಿದ್ದೆವು. ಆ ಗುಂಡಿಗೆ ಇಂದಿಗೂ ಬೇಲಿಯಿಲ್ಲ. ಅದರ ಆಸುಪಾಸಿನಲ್ಲಿ ಈಗ ಅದಕ್ಕಿಂತ ದೊಡ್ಡ, ಅದಕ್ಕಿಂತ ಆಳದ ಗುಂಡಿಗಳಾಗಿವೆ. ತಾವು ಆಗ ಈ ಹುದ್ದೆಯಲ್ಲಿರಲಿಲ್ಲ, ಬಹುಶಃ ತಾವೂ ಶಾಲೆಗೆ ಹೋಗುತ್ತಿದ್ದ ಕಾಲವದು. ಆದ್ದರಿಂದ ಇದನ್ನು ತಮ್ಮ ಮೇಲಿನ ದೂರೆಂದು ಓದಬಾರದು. ತಮ್ಮ ಕೈಯಲ್ಲಿರುವ ಒಂದು ಅಧಿಕಾರವನ್ನು ಈ ಮಳೆಗಾಲಕ್ಕೆ ಮುಂಚೆ ಬಳಸಬೇಕೆಂಬ ಕೋರಿಕೆ ಇದು.

ಅವನ ಹೆಸರನ್ನು ಬರೆಯುತ್ತಿಲ್ಲ. ಮನೆಯವರು ಬೇಡವೆಂದರು. ಆದರೆ ಅವನು ಎಂಥವನಾಗಿದ್ದ ಎಂಬುದನ್ನು ಹೇಳದೆ ಬಿಡಲಾರೆ. ಕಡತದಲ್ಲಿ ‘ಬಾಲಕ, ವಯಸ್ಸು 14, ಆಕಸ್ಮಿಕ ಸಾವು’ ಎಂದಷ್ಟೇ ಉಳಿದರೆ ಏನು ಹೋಯಿತೆಂಬುದು ಯಾರಿಗೂ ತಿಳಿಯುವುದಿಲ್ಲ.

ಅವನ ತಾಯಿ ಬೀಡಿ ಕಟ್ಟುತ್ತಿದ್ದರು. ನಮ್ಮ ಕಡೆ ಆಗ ಮನೆಮನೆಯಲ್ಲೂ ಗೆರಸೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವವರೇ. ಬೀಡಿ ಕಂಪೆನಿಯ ಬ್ರಾಂಚಿನವರು ಎಲೆ ಇಷ್ಟು, ಹೊಗೆಸೊಪ್ಪು ಇಷ್ಟು ಎಂದು ತೂಗಿಕೊಡುವುದು, ಕಟ್ಟಿ ತಂದದ್ದರಲ್ಲಿ ಸರಿಯಿಲ್ಲವೆಂದು ಒಂದಷ್ಟನ್ನು ತೆಗೆದು ಬದಿಗಿಡುವುದು, ಉಳಿದದ್ದನ್ನು ಪಾಸ್ ಪುಸ್ತಕದಲ್ಲಿ ಬರೆಯುವುದು. ಏಳನೇ ತರಗತಿಯಲ್ಲಿದ್ದಾಗ ಇವನು ತಾಯಿಯ ಪಾಸ್ ಪುಸ್ತಕದ ಹಳೆಯ ಪುಟಗಳನ್ನೆಲ್ಲ ಕೂಡಿಸಿ ಕಳೆದು ನೋಡಿ, ಯಾವ ವಾರ ಬೋನಸ್ಸಿನ ಮಾತು ಬರುತ್ತದೋ ಆ ವಾರ ಬದಿಗಿಡುವ ಬೀಡಿ ಹೆಚ್ಚಾಗುತ್ತದೆ ಎಂದು ಕಂಡುಹಿಡಿದ. ಅದನ್ನು ದೊಡ್ಡ ವಿಷಯವೆಂಬಂತೆ ಹೇಳಲೂ ಇಲ್ಲ. ಅಮ್ಮನ ಎದುರು ಪುಸ್ತಕ ಹಿಡಿದು ಬೆರಳಿಟ್ಟು ತೋರಿಸಿದ, ಅಷ್ಟೆ. ಆಮೇಲೆ ಸಂಜೆಯಾದರೆ ನೆರೆಕರೆಯ ಹೆಂಗಸರು ತಮ್ಮ ತಮ್ಮ ಪುಸ್ತಕ ಹಿಡಿದು ಅವರ ಜಗಲಿಗೆ ಬರುತ್ತಿದ್ದರು. ನನ್ನ ತಾಯಿಯೂ ಹೋಗಿದ್ದಾರೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ತೀರಾ ಸಣ್ಣ ಅಂಕಿಗಳಲ್ಲಿ ಅವನು ಲೆಕ್ಕ ಬರೆಯುತ್ತಿದ್ದ. ಬ್ರಾಂಚಿನವರಿಗೆ ಕಾಣಬಾರದೆಂದು ಕೊನೆಗೆ ರಬ್ಬರಿನಿಂದ ಅಳಿಸಿಯೂ ಕೊಡುತ್ತಿದ್ದ.

ಎಂಟನೇ ತರಗತಿಯಲ್ಲಿ ನಮ್ಮನ್ನು ಬೇಕಲ ಕೋಟೆಗೆ ಕರೆದುಕೊಂಡು ಹೋದರು. ಕೆಳದಿಯ ಶಿವಪ್ಪನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು, ಸುಮಾರು ನಲವತ್ತು ಎಕರೆ, ಎಲ್ಲವೂ ಇದೇ ಕೆಂಪುಕಲ್ಲು ಎಂದು ಮಾಸ್ತರರು ವಿವರಿಸುತ್ತಿದ್ದರು. ನಾವೆಲ್ಲ ಸಮುದ್ರ ನೋಡುತ್ತಿದ್ದೆವು. ಇವನು, ‘ಸಾರ್, ಇಷ್ಟು ಕಲ್ಲು ತೆಗೆದ ಗುಂಡಿ ಎಲ್ಲಿದೆ?’ ಎಂದು ಕೇಳಿದ. ಮಾಸ್ತರರು ನಕ್ಕು ಮುಂದಕ್ಕೆ ನಡೆದರು. ಆದರೆ ಮರುದಿನ ತರಗತಿಗೆ ಬಂದು, ‘ರಾತ್ರಿಯಿಡೀ ನಿನ್ನ ಪ್ರಶ್ನೆಯೇ ಮಾರಾಯ, ಕಂದಕ ತೋಡಿದಾಗ ಸಿಕ್ಕಿದ ಕಲ್ಲು ಗೋಡೆಗೆ ಹೋಗಿರಬಹುದು, ಉಳಿದದ್ದು ಗೊತ್ತಿಲ್ಲ’ ಎಂದರು. ಗೊತ್ತಿಲ್ಲ ಎಂದು ಮಕ್ಕಳ ಎದುರು ಹೇಳುವ ಅಧ್ಯಾಪಕರು ನಮಗೆ ಸಿಕ್ಕಿದ್ದರು. ಅದು ನಮ್ಮ ಪುಣ್ಯ.

ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಶಾಲೆಯಿಂದ ಮನೆಗೆ ಹೋಗುವ ಕಾಲುದಾರಿ ಪದವಿನ ಮೇಲೆಯೇ ಹಾದುಹೋಗುತ್ತದೆ, ದಾರಿಯ ಬದಿಯಲ್ಲೇ ಆ ಕೋರೆ. ಆಗ ಕೈಯಿಂದಲೇ ಕಲ್ಲು ಕಡಿಯುತ್ತಿದ್ದರು. ಒಂದು ವರಸೆ ಕಲ್ಲು ಎಬ್ಬಿಸಿ ಅದರ ಕೆಳಗಿನ ವರಸೆಗೆ ಇಳಿಯುವುದರಿಂದ ಗುಂಡಿಯ ಗೋಡೆಯ ಮೇಲೆ ಮೇಲಿನಿಂದ ಕೆಳಗಿನವರೆಗೆ ಅಡ್ಡಗೆರೆಗಳು ಉಳಿಯುತ್ತವೆ. ಆ ಗೆರೆಗಳನ್ನು ನಾವೆಲ್ಲ ದಿನವೂ ನೋಡುತ್ತಿದ್ದೆವು. ಗೆರೆ ಎಣಿಸಿದರೆ ಕೆಳಗಿಳಿಯದೆಯೇ ಆಳ ಸಿಗುತ್ತದೆ ಎಂಬುದು ಹೊಳೆದದ್ದು ಅವನಿಗೆ. ಹದಿನೆಂಟು ವರಸೆ, ಒಂದು ಕಲ್ಲಿನ ದಪ್ಪ ಎಂಟು ಅಂಗುಲ, ಹಾಗಾದರೆ ಹನ್ನೆರಡು ಅಡಿ. ಉದ್ದ ಅಗಲಗಳನ್ನು ಹೆಜ್ಜೆಯಲ್ಲಿ ಅಳೆದ. ಅಲ್ಲಿಂದ ಹೋದ ಕಲ್ಲುಗಳೆಷ್ಟು ಎಂದು ಲೆಕ್ಕ ಹಾಕಿ ಮುಗಿಸಬಹುದಿತ್ತು. ಅದರ ಬದಲು ಕೋರೆಗೆ ಹೋಗಿ ಕೆಲಸದವರೊಂದಿಗೆ ಕುಳಿತು, ಕಡಿಯುವಾಗ ಎಷ್ಟು ಒಡೆಯುತ್ತದೆ, ಎಷ್ಟು ಪುಡಿಯಾಗುತ್ತದೆ, ಕಲ್ಲಿನಿಂದ ಕಲ್ಲಿಗೆ ಕೊಡಲಿ ಆಡುವ ಜಾಗ ಎಷ್ಟು ಬೇಕು ಎಂದೆಲ್ಲ ಕೇಳಿ ಅದನ್ನು ಕಳೆದ. ಸಾಮಾನ್ಯ ಮನೆಯೊಂದಕ್ಕೆ ಎಷ್ಟು ಕಲ್ಲು ಬೇಕೆಂದು ಮೇಸ್ತ್ರಿಯನ್ನು ಕೇಳಿ ಭಾಗಿಸಿದ. ಕೊನೆಗೆ ‘ಈ ಗುಂಡಿಯಲ್ಲಿ ನಮ್ಮ ಊರಿನ ಎಷ್ಟು ಮನೆಗಳಿವೆ?’ ಎಂಬ ತಲೆಬರಹ ಕೊಟ್ಟು, ರಟ್ಟಿನಲ್ಲಿ ಗುಂಡಿಯ ಮಾದರಿ ಮಾಡಿ ಉಪಜಿಲ್ಲಾ ಗಣಿತ ಮೇಳಕ್ಕೆ ಒಯ್ದ.

ಬಹುಮಾನ ಬರಲಿಲ್ಲ. ಥರ್ಮೋಕೋಲಿನಲ್ಲಿ ಮಾಡಿದ, ಬಣ್ಣದ ಬಲ್ಬು ಮಿನುಗುವ ಯಾವುದೋ ಗೋಪುರಕ್ಕೆ ಹೋಯಿತು. ತೀರ್ಪುಗಾರರನ್ನು ಇಷ್ಟು ವರ್ಷಗಳ ಮೇಲೆ ದೂರಿ ಫಲವಿಲ್ಲ. ನಾನೀಗ ಲೆಕ್ಕ ಬರೆದೇ ಹೊಟ್ಟೆ ಹೊರೆಯುವವಳು. ಆ ರಟ್ಟಿನ ಗುಂಡಿಯಲ್ಲಿ ಇದ್ದಷ್ಟು ಲೆಕ್ಕದ ಬುದ್ಧಿಯನ್ನು ಆಮೇಲೆ ಎಲ್ಲೂ ಕಂಡಿಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ.

1998ರ ಬೇಸಗೆಗೆ ಆ ಕೋರೆಯ ಕೆಲಸ ನಿಂತಿತು. ಜೂನಿನಲ್ಲಿ ಮಳೆ ಹಿಡಿಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಿದು. ಜುಲೈ ನಡುವಿಗೆ ಗುಂಡಿಯಲ್ಲಿ ಆಳೆತ್ತರಕ್ಕೂ ಮೀರಿ ನೀರು ನಿಂತಿತ್ತು. ಇವನು ಮೂಲೆಯಲ್ಲಿ ಗೆರೆ ಹಾಕಿದ ಬಿದಿರೊಂದನ್ನು ನಿಲ್ಲಿಸಿ ದಿನವೂ ನೀರಿನ ಮಟ್ಟ ಬರೆದುಕೊಳ್ಳುತ್ತಿದ್ದ. ಸುರಿದ ಮಳೆಗಿಂತ ಗುಂಡಿಯಲ್ಲಿ ನೀರು ಏರುವುದು ಹೆಚ್ಚೇಕೆ, ಬಿಸಿಲು ಬಂದ ದಿನ ಇಳಿಯುವುದೆಷ್ಟು, ಇಳಿದದ್ದು ಎಲ್ಲಿ ಹೋಗುತ್ತದೆ ಎಂಬುದು ಆ ವರ್ಷದ ಅವನ ಪ್ರಶ್ನೆ. ನಮ್ಮಲ್ಲಿ ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತರುವವರಿದ್ದಾರೆ. ಕೆಳಗಿನ ಮನೆಯ ಸುರಂಗದಲ್ಲಿ ನೀರು ಹೆಚ್ಚಾದರೆ ಅದು ಈ ಗುಂಡಿಯದ್ದೇ ಎಂದು ಅವನು ಊಹಿಸಿದ್ದ. ನೀರಿಂಗಿಸುವಿಕೆ ಎಂಬ ಮಾತನ್ನು ನಾವು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಭಾರೀ ಮಳೆಗೆ ಶಾಲೆಗೆ ರಜೆ ಕೊಟ್ಟ ಒಂದು ದಿನ ಬಿದಿರು ನೋಡಲು ಹೋದವನು ಜಾರಿದ. ಜೊತೆಗಿದ್ದವರು ಅವನಿಗಿಂತ ಸಣ್ಣ ಮಕ್ಕಳು, ಕೂಗುತ್ತ ಓಡಿದರು. ಕೆಳಗಿನ ಮನೆಯವರು ಹಗ್ಗ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ. ಬರುತ್ತಿದ್ದರೂ ಕಾಲೂರಲು ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಬೇರಿಲ್ಲ, ನೇರ ನಿಂತ ಗೋಡೆಗೆ ಪಾಚಿ ಕಟ್ಟಿತ್ತು.

ಇನ್ನು ಆಮೇಲಿನದು. ಮಾನ್ಯರೇ, ಈ ಪತ್ರಕ್ಕೆ ಕಾರಣವೂ ಅದೇ.

ಶಾಲೆಯಲ್ಲಿ ಮೌನ ಪ್ರಾರ್ಥನೆಯಾಯಿತು. ಗಂಧದ ಮಾಲೆ ಹಾಕಿದ ಅವನ ಭಾವಚಿತ್ರ ಈಗಲೂ ಅಧ್ಯಾಪಕರ ಕೊಠಡಿಯಲ್ಲಿದೆ. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಹೆಚ್ಚು ಅಂಕ ಪಡೆದವರಿಗೆ ಅವನ ಹೆಸರಿನಲ್ಲಿ ದತ್ತಿ ಬಹುಮಾನ ಕೊಡುತ್ತಾರೆ. ಗುಂಡಿಗೂ ಆ ವರ್ಷ ಏನೋ ಮಾಡಿದರು: ದಾರಿಯ ಬದಿಗೆ ನಾಲ್ಕು ಮರದ ಕಂಬ ನೆಟ್ಟು ತಂತಿ ಎಳೆದರು. ಕಂಬಕ್ಕೆ ಗೆದ್ದಲು ಹಿಡಿಯಿತು, ತಂತಿಯನ್ನು ಯಾರೋ ಒಯ್ದರು. ಜಾಗ ಕೈ ಬದಲಾಯಿತು. ಈ ನಡುವೆ ನಾನೂ ಕೆಲವು ಹಳೆ ಸಹಪಾಠಿಗಳೂ ಸೇರಿ ಅರ್ಜಿ ಹಿಡಿದು ಹೋದೆವು. ಒಂದು ಕಚೇರಿಯಲ್ಲಿ, ಖಾಸಗಿ ಜಾಗ, ನಾವು ಕೈ ಹಾಕುವಂತಿಲ್ಲ ಎಂದರು. ಇನ್ನೊಂದರಲ್ಲಿ, ಅದು ಹಳೆಯ ಕೋರೆ, ನಮ್ಮ ದಾಖಲೆಯಲ್ಲಿಲ್ಲ, ಇಲ್ಲದ ಕೋರೆಗೆ ನೋಟಿಸು ಕೊಡುವುದು ಹೇಗೆ ಎಂದರು. ಮತ್ತೊಂದರಲ್ಲಿ ಜಾಗದ ಯಜಮಾನರಿಗೇ ಬರೆಯಿರಿ ಎಂದರು. ಯಜಮಾನರು ಗಲ್ಫಿನಲ್ಲಿದ್ದಾರೆ. ಯಾರೂ ನಮ್ಮೊಂದಿಗೆ ಒರಟಾಗಿ ನಡೆದುಕೊಳ್ಳಲಿಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಕಳುಹಿಸಿದರು.

ಅವನ ತಾಯಿಗೆ ಈಗ ವಯಸ್ಸಾಗಿದೆ, ಬೀಡಿ ಕಟ್ಟುವುದನ್ನು ಬಿಟ್ಟಿದ್ದಾರೆ. ನಾನು ಹೋದಾಗಲೆಲ್ಲ ಮಗನ ಮಾತೆತ್ತುವುದಿಲ್ಲ. ಚಹಾ ಕೊಟ್ಟು, ‘ಅಲ್ಲಿಗೆ ಬೇಲಿ ಹಾಕಿದರಾ ಮಗಳೇ?’ ಎಂದು ಮಾತ್ರ ಕೇಳುತ್ತಾರೆ. ಆ ದಾರಿಯಲ್ಲಿ ಈಗ ಅವರ ಮೊಮ್ಮಕ್ಕಳು ಶಾಲೆಗೆ ಹೋಗುತ್ತಾರೆ.

ಅಂದಿಗೂ ಇಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕೈಯಿಂದ ಕಡಿಯುವಾಗ ಕಲ್ಲು ಹೊತ್ತು ಮೇಲೆ ಬರಲು ಒಂದು ಬದಿಯಲ್ಲಿ ಇಳಿಜಾರು ದಾರಿ ಬಿಡುತ್ತಿದ್ದರು. ಈಗ ಯಂತ್ರ ಬಂದು ಗುಂಡಿ ಇನ್ನೂ ಆಳಕ್ಕೆ, ಗೋಡೆ ಇನ್ನೂ ನೇರಕ್ಕೆ ಹೋಗಿದೆ. ಕೆಲಸ ಮುಗಿಯುವ ಹೊತ್ತಿಗೆ ಆ ಇಳಿಜಾರಿನ ಕಲ್ಲನ್ನೂ ಎಬ್ಬಿಸಿಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹತ್ತಿ ಬರುವ ದಾರಿಯೇ ಕೊನೆಯ ಲೋಡಿನಲ್ಲಿ ಮಾರಾಟವಾಗುತ್ತದೆ. ಕೈಯಿಂದ ಕಡಿಯುತ್ತಿದ್ದರೂ 1998ರಲ್ಲಿ ನಿಂತ ಆ ಕೋರೆಯಲ್ಲೂ ಕೊನೆಗೆ ಅದೇ ಆಗಿತ್ತು.

ಗುಂಡಿಗಳನ್ನೆಲ್ಲ ಮುಚ್ಚಿಸಿಬಿಡಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳುವವರಿದ್ದಾರೆ, ಅವರ ನೋವು ನನಗೆ ತಿಳಿಯುತ್ತದೆ, ಬೇಡಿಕೆ ಒಪ್ಪಿಗೆಯಿಲ್ಲ. ಬೇಸಗೆಯಲ್ಲಿ ಆ ನೀರನ್ನು ನಂಬಿ ಅಡಿಕೆ ತೋಟ ಉಳಿಸಿಕೊಳ್ಳುವವರು ನಮ್ಮೂರಿನಲ್ಲೇ ಇದ್ದಾರೆ. ನಿಂತ ನೀರು ಇಂಗಿ ಕೆಳಗಿನ ಬಾವಿ, ಸುರಂಗಗಳಿಗೆ ಸೇರುತ್ತದೆ. ಮುಚ್ಚಿ ಎಂದರೆ ಮಣ್ಣು ಹಾಕಿ ಮುಚ್ಚುವವರೂ ಇಲ್ಲ. ರಾತ್ರಿ ಲಾರಿಯಲ್ಲಿ ಪ್ಲಾಸ್ಟಿಕ್ಕು, ಕೋಳಿ ತ್ಯಾಜ್ಯ ತಂದು ಸುರಿಯುತ್ತಾರೆ, ನಾವು ಕುಡಿಯುವ ನೀರು ಕೆಡುತ್ತದೆ. ನೀರು ಇರಲಿ. ಮಕ್ಕಳು ಬೀಳದಿರಲಿ, ಬಿದ್ದರೆ ಹತ್ತಿ ಬರುವಂತಿರಲಿ.

‘ಮಕ್ಕಳನ್ನು ಹೆತ್ತವರು ನೋಡಿಕೊಳ್ಳಬೇಕಲ್ಲವೇ?’ ಎಂದು ಒಬ್ಬ ಅಧಿಕಾರಿ ಕೇಳಿದರು. ನೋಡಿಕೊಳ್ಳಬೇಕು, ಸರಿ. ಆದರೆ ಕೂಲಿಗೆ ಹೋಗುವ ತಂದೆತಾಯಿ ಮಳೆಯ ರಜೆಯ ದಿನ ಮನೆಯಲ್ಲಿರುವುದಿಲ್ಲ. ಇಲ್ಲಿ ತಮ್ಮ ಕಚೇರಿಯ ಒಂದು ಆದೇಶದ ಬಗ್ಗೆಯೇ ವಿನಯದಿಂದ ಹೇಳಬೇಕಾಗಿದೆ. ರೆಡ್ ಅಲರ್ಟ್ ಬಂದಾಗ ಮಕ್ಕಳ ಸುರಕ್ಷತೆಗೆಂದು ತಾವು ಶಾಲೆಗಳಿಗೆ ರಜೆ ಸಾರುತ್ತೀರಿ. ಒಳ್ಳೆಯದೇ. ಆದರೆ ಆ ದಿನ ಶಾಲೆಯ ಗೋಡೆಯೊಳಗೆ ಇರಬೇಕಾದ ಮಕ್ಕಳು ತುಂಬಿ ಹರಿಯುವ ತೋಡು, ತುಂಬಿದ ಗುಂಡಿ ನೋಡಲು ಹೊರಡುತ್ತಾರೆ. ಹದಿನಾಲ್ಕು ವರ್ಷದವರಿಗೆ ನೀರು ನೋಡುವುದಕ್ಕಿಂತ ದೊಡ್ಡ ರಜೆ ಯಾವುದಿದೆ?

ಕಾನೂನಿಲ್ಲ ಎಂಬ ಮಾತನ್ನು ಒಪ್ಪಲಾರೆ. ಸಾರ್ವಜನಿಕ ದಾರಿಗೆ ತಾಗಿರುವ ಕೆರೆ, ಬಾವಿ ಅಥವಾ ಅಗೆದ ಗುಂಡಿಯಿಂದ ಜನರಿಗೆ ಅಪಾಯವಿದ್ದರೆ ಬೇಲಿ ಹಾಕುವಂತೆ ಅದರ ಒಡೆಯನಿಗೆ ಆಜ್ಞೆ ಮಾಡುವ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 152ನೇ ಸೆಕ್ಷನ್ ಆಗಿ ಮುಂದುವರಿದಿದೆ. ಜಿಲ್ಲಾ ದಂಡಾಧಿಕಾರಿಯಾಗಿ ತಮಗೂ, ಉಪವಿಭಾಗದ ದಂಡಾಧಿಕಾರಿಗೂ ಆ ಅಧಿಕಾರವಿದೆ. ಪೊಲೀಸರ ವರದಿಯೇ ಬರಬೇಕೆಂದಿಲ್ಲ, ಬೇರೆ ರೀತಿಯ ಮಾಹಿತಿ ಸಿಕ್ಕಿದರೂ ಸಾಕು. ಜಾಗ ಖಾಸಗಿ ಎಂಬುದು ಅಲ್ಲಿ ಅಡ್ಡಿಯಲ್ಲ. ಖಾಸಗಿ ಜಾಗದವರಿಗೆಂದೇ ಆ ಕಾನೂನು. ಪಾಳುಬಿದ್ದ ಕೊಳವೆಬಾವಿಗಳಿಗೆ ಮಕ್ಕಳು ಬೀಳುವುದನ್ನು ಕಂಡು ಸುಪ್ರೀಂ ಕೋರ್ಟ್ 2010ರಲ್ಲಿ ಅವನ್ನು ಮುಚ್ಚಬೇಕು, ತೋಡುವಾಗ ಸುತ್ತ ಬೇಲಿ ಹಾಕಬೇಕು, ಜಿಲ್ಲಾಧಿಕಾರಿಗಳು ಪರಿಶೀಲಿಸಬೇಕು ಎಂದು ನಿರ್ದೇಶನ ಕೊಟ್ಟಿತು. ಒಂದಡಿ ಅಗಲದ ಬಾಯಿಗೆ ಅಷ್ಟು ಎಚ್ಚರ, ಬಸ್ಸು ನಿಲ್ಲಿಸುವಷ್ಟು ಅಗಲದ ಬಾಯಿಗೆ ಏನೂ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರೂ ತಾವೇ.

ಆದ್ದರಿಂದ ಮಾನ್ಯರಲ್ಲಿ ಪ್ರಾರ್ಥನೆ. ಮೊದಲು ಎಣಿಸಿ. ಮೇ ತಿಂಗಳು ಮುಗಿಯುವ ಮುಂಚೆ ವಾರ್ಡ್ ವಾರ್ಡಿನಲ್ಲಿ ಬಿಟ್ಟುಹೋದ ಕೋರೆಗಳ ಪಟ್ಟಿಯಾಗಬೇಕು. ದಾಖಲೆಯಲ್ಲಿ ಇರುವುದನ್ನಲ್ಲ, ನೆಲದಲ್ಲಿ ಇರುವುದನ್ನು ಎಣಿಸಬೇಕು. ಎಲ್ಲಕ್ಕೂ ಒಮ್ಮೆಲೇ ಬೇಲಿ ಹಾಕಲು ಸಾಧ್ಯವಿಲ್ಲ ಎಂಬುದು ನನಗೂ ತಿಳಿದಿದೆ. ಶಾಲೆ, ಅಂಗನವಾಡಿ, ಕಾಲುದಾರಿಗಳ ಹತ್ತಿರದವುಗಳಿಗೆ ಮೊದಲು ಆಗಲಿ. ಮರದ ಕಂಬ ಬೇಡ; ಅದೇ ಕೆಂಪುಕಲ್ಲಿನಲ್ಲಿ ಎದೆಮಟ್ಟದ ಕಟ್ಟೆ ಕಟ್ಟಿಸಿದರೆ ಗೆದ್ದಲು ಹಿಡಿಯುವುದಿಲ್ಲ, ಯಾರೂ ಕದ್ದೊಯ್ಯುವುದೂ ಇಲ್ಲ. ಪ್ರತಿ ಗುಂಡಿಯ ಒಂದು ಬದಿಯಲ್ಲಾದರೂ ಹತ್ತಿ ಬರಲು ಮೆಟ್ಟಿಲು ಕಡಿಸಬೇಕು. ಹೊಸದಾಗಿ ಪರವಾನಗಿ ಪಡೆಯುವವರು ಆ ಇಳಿಜಾರನ್ನು ಬಿಟ್ಟೇ ಕೆಲಸ ಮುಗಿಸಬೇಕು, ಅದನ್ನು ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡಿದ ಮೇಲೆಯೇ ಅವರ ಕಡತ ಮುಚ್ಚಬೇಕು. ಒಂದು ಉದ್ದ ಹಗ್ಗ, ಗಾಳಿ ತುಂಬಿದ ಲಾರಿ ಟ್ಯೂಬು ಹತ್ತಿರದ ಮನೆಯಲ್ಲಿರಲಿ. ಇದಕ್ಕೆ ಹೆಚ್ಚು ಹಣ ಬೇಡ.

ಎಚ್ಚರಿಕೆಯ ಫಲಕ ಮಲಯಾಳದ ಜೊತೆಗೆ ಕನ್ನಡದಲ್ಲೂ ಇರಬೇಕೆಂದು ಬೇರೆಯಾಗಿ ಹೇಳಬೇಕಾಗಿ ಬಂದಿರುವುದೇ ಬೇಸರದ ವಿಷಯ. ಕನ್ನಡ ಮಾಧ್ಯಮದ ಶಾಲೆಯ ಮೂರನೇ ತರಗತಿಯ ಮಗು ಓದಿ ನಿಲ್ಲುವಂತಿರಬೇಕಲ್ಲವೇ? ಆಳವನ್ನು ಅಂಕಿಯಲ್ಲಿ ಬರೆಸಿ. ‘ಅಪಾಯ’ ಎಂದು ಓದಿದ ಹುಡುಗ ಇನ್ನೂ ಹತ್ತಿರ ಹೋಗಿ ನೋಡುತ್ತಾನೆ. ‘ಆಳ 30 ಅಡಿ’ ಎಂದು ಓದಿದವನು ನಿಲ್ಲುತ್ತಾನೆ. ನೀರು ತುಂಬಿದ ಮೇಲೆ ಗೋಡೆಯ ಗೆರೆ ಯಾರಿಗೂ ಕಾಣುವುದಿಲ್ಲ.

ರಜೆಯ ಆದೇಶದಲ್ಲೇ ಗುಂಡಿ, ತೋಡುಗಳ ಬಗ್ಗೆ ಒಂದು ಸಾಲು ಸೇರಿಸಿ, ಅದನ್ನು ಹಿಂದಿನ ಸಂಜೆ ಶಾಲೆಯ ವಾಟ್ಸಾಪ್ ಗುಂಪುಗಳಿಗೆ ಎರಡೂ ಭಾಷೆಗಳಲ್ಲಿ ಕಳುಹಿಸಬಹುದು. ಮಕ್ಕಳಿಗೆ ಈಜು ಕಲಿಸುವುದು ದೀರ್ಘ ಕಾಲದ ಕೆಲಸ. ವಿಶ್ವಸಂಸ್ಥೆ 2021ರಿಂದ ಜುಲೈ 25ನ್ನು ಮುಳುಗು ಸಾವು ತಡೆಯುವ ದಿನವೆಂದು ಆಚರಿಸುತ್ತಿದೆ. ನಮ್ಮ ಶಾಲೆಗಳಲ್ಲಿ ಆ ದಿನ ಭಾಷಣ ಸ್ಪರ್ಧೆ ಇಡುವ ಬದಲು ಮಕ್ಕಳನ್ನು ಆಳವಿಲ್ಲದ ಕೆರೆಗೆ ಇಳಿಸಿ ಕೈಕಾಲು ಬಡಿಯುವುದನ್ನು ಕಲಿಸಿದರೆ ಹೆಚ್ಚು ಪ್ರಯೋಜನ.

ಎಣಿಸುವ ಕೆಲಸಕ್ಕೆ ಜನ ಇಲ್ಲವೆಂದಾದರೆ ನಾವು ಬರುತ್ತೇವೆ. 1998ರ ಆ ತರಗತಿಯವರಲ್ಲಿ ಇಬ್ಬರು ಅಧ್ಯಾಪಕರು, ಒಬ್ಬ ಸರ್ವೇಯರ್, ಜೀಪು ಓಡಿಸುವವನೊಬ್ಬ, ಲೆಕ್ಕ ಬರೆಯುವ ನಾನು ಊರಿನಲ್ಲೇ ಇದ್ದೇವೆ. ಟೇಪು ಹಿಡಿದು ಅಳೆಯಲು, ಆಳ ಬರೆಯಲು ಯಾವ ಭಾನುವಾರವಾದರೂ ಸಿದ್ಧ. ಬಿದ್ದವರನ್ನು ಎತ್ತಿದವರು, ಬೀಳದಂತೆ ತಡೆದವರು ಊರೂರಿನಲ್ಲಿದ್ದಾರೆ, ಅವರನ್ನೂ ಕೇಳಬಹುದು. ತಮ್ಮ ಕಚೇರಿಯಿಂದ ಒಂದು ಕಾಗದ ಮಾತ್ರ ಬೇಕು. ಅದಿಲ್ಲದೆ ಹೋದರೆ ಯಾರ ಜಾಗಕ್ಕೂ ಕಾಲಿಡುವಂತಿಲ್ಲ.

ಈ ಜಿಲ್ಲೆಯ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲಿ ಉತ್ತರ ಪಡೆಯಬಹುದೆಂದು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಹೇಳುತ್ತದೆ. ಆ ಹಕ್ಕಿನಿಂದಲೇ ಇದನ್ನು ಬರೆದಿದ್ದೇನೆ. ಉತ್ತರವೂ ಕನ್ನಡದಲ್ಲಿ ಬರಲಿ. ಅದನ್ನು ಓದಿ ಹೇಳಬೇಕಾದ ಮನೆಯೊಂದಿದೆ. ಅದರಲ್ಲಿ ‘ಪರಿಶೀಲಿಸಲಾಗುವುದು’ ಎಂಬ ಮಾತಿಗಿಂತ ಹೆಚ್ಚಾಗಿ, ಕಟ್ಟೆಯ ಕೆಲಸ ಯಾವ ತಾರೀಕಿಗೆ ಆರಂಭವಾಗುತ್ತದೆ, ಯಾರು ಮಾಡಿಸುತ್ತಾರೆ ಎಂಬುದು ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಯೊಂದರ ಹಳೆ ವಿದ್ಯಾರ್ಥಿನಿ